ಸಂಬಳ, ರಜೆ, ಕೊಟ್ಟ ಮಾತು: ಕೆಲಸದ ಜಾಗದ ಪ್ರಶ್ನೆಗಳು

ಶಿವಮೊಗ್ಗ, ಭದ್ರಾವತಿ, ಸಾಗರ, ತೀರ್ಥಹಳ್ಳಿ ಕಡೆಯಿಂದ ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ: ಕೆಲಸದ ರೀತಿ ಬದಲಾಗುತ್ತಿದೆ, ಕೆಲಸದವರು ನಿಲ್ಲುತ್ತಿಲ್ಲ. ಮಾಲೀಕರೂ ಬರೆದಿದ್ದಾರೆ, ಕೆಲಸಗಾರರೂ ಬರೆದಿದ್ದಾರೆ. ಒಬ್ಬರಿಗೆ ಕೊಟ್ಟ ಉತ್ತರವನ್ನು ಇನ್ನೊಬ್ಬರೂ ಓದಲಿ ಎಂದು ಎಲ್ಲವನ್ನೂ ಒಟ್ಟಿಗೇ ಹಾಕಿದ್ದೇವೆ.

ಪ್ರಶ್ನೆ: ನಮ್ಮದು ಮಾಚೇನಹಳ್ಳಿಯಲ್ಲಿ ಫೌಂಡ್ರಿ (ಲೋಹ ಎರಕದ ಕಾರ್ಖಾನೆ). 85 ಜನ ಇದ್ದಾರೆ. ಕೈಯಲ್ಲಿ ಮಾಡುತ್ತಿದ್ದ ಮೌಲ್ಡಿಂಗ್‌ಗೆ, ಅಂದರೆ ಮರಳಿನ ಅಚ್ಚು ಮಾಡುವ ಕೆಲಸಕ್ಕೆ, ಈಗ ಆಟೋಮ್ಯಾಟಿಕ್ ಲೈನ್ ತರುತ್ತಿದ್ದೇವೆ. ಮಿಷನ್ ಇನ್ನೂ ಬಂದಿಲ್ಲ, ಆಗಲೇ ಇಬ್ಬರು ಒಳ್ಳೆಯ ಮೌಲ್ಡರ್‌ಗಳು ಬಿಟ್ಟುಹೋದರು. ಯಾರನ್ನೂ ತೆಗೆಯುವುದಿಲ್ಲ ಅಂದರೂ ನಂಬುತ್ತಿಲ್ಲ. ಏನು ಮಾಡಬೇಕು?
— ಹೆಸರು ಬೇಡ, ಶಿವಮೊಗ್ಗ

ಉತ್ತರ: ನಿಮ್ಮ ಮಾತನ್ನು ಅವರು ನಂಬದಿರುವುದಕ್ಕೆ ಕಾರಣ ಇದೆ. "ತೆಗೆಯುವುದಿಲ್ಲ" ಎಂದಿರಿ, ಸರಿ. ಆದರೆ "ಸಂಬಳ ಎಷ್ಟು ಬರುತ್ತದೆ" ಎಂದು ಹೇಳಲಿಲ್ಲ. ಪೀಸ್ ರೇಟಿನಲ್ಲಿ (ಮಾಡಿದಷ್ಟಕ್ಕೆ ಕೂಲಿ) ದುಡಿಯುವ ಮೌಲ್ಡರ್‌ಗೆ ಲೈನ್ ಬಂದ ಮೊದಲ ತಿಂಗಳು ತಾನು ಎಷ್ಟು ಬಾಕ್ಸ್ ಅಚ್ಚು ಮಾಡುತ್ತೇನೆ ಎಂಬುದೇ ಗೊತ್ತಿಲ್ಲ. ಅವನು ಮನೆಯಲ್ಲಿ ಹಾಕುವ ಲೆಕ್ಕ ಅದೊಂದೇ.

ಕೆನಡಾದ ಸಂಶೋಧಕರಾದ ಜಾನ್ ಮೆಯರ್ ಮತ್ತು ನಟಾಲಿ ಆಲೆನ್ 1991ರಲ್ಲಿ ಕೆಲಸಗಾರರ ಬದ್ಧತೆಯನ್ನು ಮೂರಾಗಿ ಬಿಡಿಸಿ ತೋರಿಸಿದರು. ನಮ್ಮ ಮಾತಿನಲ್ಲಿ ಹೇಳುವುದಾದರೆ ಮನಸ್ಸಿನ ನಂಟು, ಲೆಕ್ಕದ ನಂಟು, ಋಣದ ನಂಟು. ಇಲ್ಲಿರುವುದು ಇಷ್ಟ ಎಂದು ಇರುವವರು ಒಂದು ಬಗೆ. ಬಿಟ್ಟರೆ ನಷ್ಟ ಎಂದು ಇರುವವರು ಇನ್ನೊಂದು. ಕಷ್ಟಕಾಲದಲ್ಲಿ ಕೈಹಿಡಿದರು, ಬಿಟ್ಟುಹೋಗುವುದು ಸರಿಯಲ್ಲ ಎಂದು ಇರುವವರು ಮೂರನೆಯ ಬಗೆ. ಆಮೇಲೆ ನಡೆದ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡದ್ದು ಇಷ್ಟು: ಕೆಲಸದ ಗುಣಮಟ್ಟ ಮನಸ್ಸಿನ ನಂಟಿನ ಜೊತೆ ಏರುತ್ತದೆ, ಬರೀ ಲೆಕ್ಕದ ನಂಟಿನಿಂದ ಏರುವುದಿಲ್ಲ. ಹಾಗೆಂದು ಲೆಕ್ಕವನ್ನು ಬಿಡುವಂತಿಲ್ಲ. ಸಂಬಳವೇ ಅನುಮಾನದಲ್ಲಿದ್ದರೆ ಉಳಿದೆರಡು ನಂಟು ಹುಟ್ಟುವುದಿಲ್ಲ.

ಆದ್ದರಿಂದ ಮೊದಲು ಸಂಬಳ. ಪ್ರತಿ ಮೌಲ್ಡರ್‌ನ ಹಿಂದಿನ 12 ತಿಂಗಳ ಗಳಿಕೆ ತೆಗೆಯಿರಿ. ಉದಾಹರಣೆಗೆ ಒಬ್ಬನ ಗಳಿಕೆ ವರ್ಷಕ್ಕೆ ₹2,16,000 ಆದರೆ ತಿಂಗಳಿಗೆ ₹18,000 ಆಯಿತು. ಹೊಸ ಲೈನಿನಲ್ಲಿ ಅವನ ಮೂಲ ಸಂಬಳ ₹14,500 ಎಂದಿದ್ದರೆ, ಉಳಿದ ₹3,500ನ್ನು ತರಬೇತಿ ಭತ್ಯೆ ಎಂದು ಆರು ತಿಂಗಳು ಕೊಡುವುದಾಗಿ ಬರೆದುಕೊಡಿ. ನೋಟಿಸ್ ಬೋರ್ಡಿಗೆ ಅಂಟಿಸಿದರೆ ಸಾಲದು, ಅವನ ಹೆಸರಿರುವ ಕಾಗದ ಅವನ ಕೈಗೆ ಸೇರಬೇಕು. ಆ ಕಾಗದವನ್ನು ಮನೆಯಲ್ಲಿ ಹೆಂಡತಿಗೂ ತೋರಿಸುತ್ತಾನೆ. ಬಿಡುವ ತೀರ್ಮಾನ ಆಗುವುದು ಅಲ್ಲೇ.

ಎರಡನೆಯದು ನೋಟಿಸ್. ಪಾಳಿ, ಸಂಬಳದ ರೀತಿ, ಕೆಲಸದ ಷರತ್ತು ಬದಲಾಯಿಸುವ ಮುಂಚೆ 21 ದಿನದ ನೋಟಿಸ್ ಕೊಡಬೇಕೆಂದು 1947ರ ಕೈಗಾರಿಕಾ ವಿವಾದ ಕಾಯ್ದೆಯ 9ಎ ಕಲಮಿನಲ್ಲಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧ ಸಂಹಿತೆಯಲ್ಲೂ ಅದೇ 21 ದಿನ ಉಳಿದಿದೆ. ಹೆಚ್ಚಿನ ಕಡೆ ಇದನ್ನು ಫೈಲಿಗೆ ಮಾತ್ರ ಹಾಕುತ್ತಾರೆ. ನೀವು ಆ ಮೂರು ವಾರವನ್ನು ಮಾತಾಡಲು ಬಳಸಿ. ಒಂದು ಸಲಕ್ಕೆ 20–25 ಜನ, ಪಾಳಿ ಶುರುವಾಗುವ ಮುಂಚೆ ಅರ್ಧ ಗಂಟೆ, ಆ ಅರ್ಧ ಗಂಟೆಯೂ ಸಂಬಳದ ಸಮಯವೇ. ತೀರ್ಮಾನ ತೆಗೆದುಕೊಂಡವರೇ ಬಂದು ಮಾತಾಡಬೇಕು, ಎಚ್‌ಆರ್ ಹುಡುಗನನ್ನು ಮುಂದೆ ಬಿಡಬೇಡಿ. ಮಿಷನ್ ಯಾವಾಗ ಬರುತ್ತದೆ, ಯಾರ ಕೆಲಸ ಬದಲಾಗುತ್ತದೆ, ಕಲಿಸುವವರು ಯಾರು, ಸಂಬಳ ಏನಾಗುತ್ತದೆ ಎಂಬ ನಾಲ್ಕಕ್ಕೂ ಉತ್ತರ ಕೊಡಿ. ಉತ್ತರ ಇನ್ನೂ ಸಿದ್ಧವಿಲ್ಲದ ಪ್ರಶ್ನೆ ಬಂದರೆ "ಇಂಥ ತಾರೀಖಿಗೆ ಹೇಳುತ್ತೇನೆ" ಎನ್ನಿ, ಆ ತಾರೀಖಿಗೆ ಹೇಳಿ. ಹೇಳುವಂಥದ್ದು ಏನೂ ಇಲ್ಲದಿದ್ದರೂ ಆ ದಿನ ಹೋಗಿ "ಇನ್ನೂ ಆಗಿಲ್ಲ" ಎಂದು ಹೇಳಿ ಬನ್ನಿ.

ಮೂರನೆಯದು ತರಬೇತಿ. ಬಹುತೇಕ ಕಡೆ ಎಡವುವುದು ಇಲ್ಲೇ. ಮಿಷನ್ ಕಂಪನಿಯವರು ಬಂದು ಮೂರು ದಿನ ಹಿಂದಿ, ಇಂಗ್ಲಿಷ್‌ನಲ್ಲಿ ಹೇಳಿಕೊಟ್ಟು ಹೋಗುತ್ತಾರೆ. ಹಗಲು ಪಾಳಿಯ ಇಬ್ಬರು ಐಟಿಐ ಹುಡುಗರಿಗೆ ಅರ್ಥವಾಗುತ್ತದೆ. ರಾತ್ರಿ ಪಾಳಿಗೆ ಏನೂ ಸಿಗುವುದಿಲ್ಲ. ಇಪ್ಪತ್ತು ವರ್ಷದ ಅನುಭವ ಇರುವ ಮೌಲ್ಡರ್ ಹಿಂದೆ ಕೈಕಟ್ಟಿ ನಿಂತಿರುತ್ತಾನೆ. ಅವನು ಕಂಪನಿಯನ್ನು ಬಿಡುವುದು ಆ ಮೂರು ದಿನದಲ್ಲೇ, ರಾಜೀನಾಮೆ ಕೊಡುವುದು ಆಮೇಲೆ.

ಅವನ ಕೈಯಲ್ಲಿರುವ ವಿದ್ಯೆ ಹೊಸ ಲೈನಿಗೂ ಬೇಕು. ಹಸಿ ಮರಳನ್ನು ಮುಷ್ಟಿಯಲ್ಲಿ ಹಿಡಿದು ಅಮುಕಿ, ಎರಡು ತುಂಡು ಮಾಡಿ, ಮುರಿದ ಅಂಚು ಚೂಪಾಗಿದೆಯೋ ಉದುರುತ್ತಿದೆಯೋ ನೋಡಿ ಅವನು ತೇವ ಹೇಳಬಲ್ಲ. ತೇವ ಸಾಮಾನ್ಯವಾಗಿ 3–4% ಇರಬೇಕು. ಹೆಚ್ಚಾದರೆ ಎರಕದಲ್ಲಿ ಗಾಳಿಗುಳ್ಳೆ, ಕಡಿಮೆಯಾದರೆ ಮರಳು ಉದುರಿ ಒಳಗೆ ಸೇರುತ್ತದೆ. ಆಟೋಮ್ಯಾಟಿಕ್ ಲೈನ್ ಕೆಟ್ಟ ಮರಳನ್ನು ಸರಿಮಾಡುವುದಿಲ್ಲ, ಅದೇ ಕೆಟ್ಟ ಅಚ್ಚನ್ನು ಇನ್ನೂ ಬೇಗ ಬೇಗ ಮಾಡುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ಮರಳಿನ ತೇವ ದಿನಕ್ಕೊಂದು ಥರ ಇರುತ್ತದೆ, ಆಗಂತೂ ಅವನಿಲ್ಲದೆ ಆಗದು. ಆದ್ದರಿಂದ ಜೋಡಿ ಮಾಡಿ: ಒಬ್ಬ ಹಳೆಯ ಮೌಲ್ಡರ್, ಒಬ್ಬ ಐಟಿಐ ಹುಡುಗ. ಹುಡುಗ ಮಿಷನ್ನಿನ ಪ್ಯಾನೆಲ್ ಕಲಿಸಲಿ, ಮೌಲ್ಡರ್ ಮರಳು ಕಲಿಸಲಿ. ಇಬ್ಬರಿಗೂ ಕಲಿಸುವ ಭತ್ಯೆ ಒಂದೇ ಇರಲಿ.

ಗೋಡೆಗೆ ಕೌಶಲ ಪಟ್ಟಿ ಹಾಕಿ. ಎಡಕ್ಕೆ ಹೆಸರು, ಮೇಲೆ ಕೆಲಸಗಳು, ಪ್ರತಿ ಚೌಕದಲ್ಲಿ ನಾಲ್ಕು ಭಾಗದ ಒಂದು ವೃತ್ತ. ಒಂದು ಭಾಗ ತುಂಬಿದ್ದರೆ ನೋಡಿ ಕಲಿಯುತ್ತಿದ್ದಾನೆ, ಎರಡಾದರೆ ಜೊತೆಗೊಬ್ಬರು ಬೇಕು, ಮೂರಾದರೆ ಒಬ್ಬನೇ ಮಾಡುತ್ತಾನೆ, ನಾಲ್ಕಾದರೆ ಕಲಿಸಬಲ್ಲ. ತಿಂಗಳಿಗೊಮ್ಮೆ ಅವನ ಎದುರೇ ತುಂಬಿಸಿ. ಮರಳು ಪರೀಕ್ಷೆಗೂ ಒಂದು ಕಾಲಂ ಇರಲೇಬೇಕು. ಹಳಬರಿಗೆ ಮೊದಲ ದಿನವೇ ನಾಲ್ಕೂ ಭಾಗ ತುಂಬಿದ ಒಂದು ವೃತ್ತ ಸಿಗುತ್ತದೆ, ಆ ಗೌರವ ಸಣ್ಣದಲ್ಲ. ಪ್ಯಾನೆಲ್ ಪಕ್ಕ ಕನ್ನಡದಲ್ಲಿ ಬರೆದು ಲ್ಯಾಮಿನೇಟ್ ಮಾಡಿದ ಒಂದು ಹಾಳೆ ಇರಲಿ: ಶುರು ಮಾಡುವುದು, ನಿಲ್ಲಿಸುವುದು, ಪದೇ ಪದೇ ಬರುವ ಅಲಾರಂಗಳು, ಪ್ರತಿಯೊಂದಕ್ಕೂ ಏನು ಮಾಡಬೇಕು, ಯಾರನ್ನು ಕರೆಯಬೇಕು. ಮೊದಲ 90 ದಿನದ ರಿಜೆಕ್ಷನ್ನನ್ನು ಯಾರ ತಲೆಗೂ ಕಟ್ಟಬೇಡಿ. ಕಟ್ಟಿದರೆ ಕೆಟ್ಟ ಎರಕವನ್ನು ಬಚ್ಚಿಡುವುದು ಶುರುವಾಗುತ್ತದೆ, ಅದು ಗ್ರಾಹಕರ ಹತ್ತಿರ ಹೋಗಿ ಸಿಕ್ಕಿಬೀಳುತ್ತದೆ.

ಒಂದು ವೇಳೆ ಕೆಲವರನ್ನು ಬಿಡಲೇಬೇಕಾದರೆ ಈಗಲೇ ಹೇಳಿಬಿಡಿ. ಒಂದು ತಿಂಗಳ ನೋಟಿಸ್, ಸೇವೆಯ ವರ್ಷಕ್ಕೆ 15 ದಿನದ ಸರಾಸರಿ ಸಂಬಳ, ಕೊನೆಗೆ ಸೇರಿದವರನ್ನು ಮೊದಲು ಬಿಡಬೇಕು ಎಂಬ ನಿಯಮ ಇವೆ. ಹೊಸ ಸಂಹಿತೆಯ ಪ್ರಕಾರ ಮರುಕೌಶಲ ನಿಧಿಗೆ ಬಿಡುವ ಪ್ರತಿ ಕೆಲಸಗಾರನ ಲೆಕ್ಕದಲ್ಲಿ 15 ದಿನದ ಸಂಬಳವನ್ನೂ ಕಟ್ಟಬೇಕು. "ಯಾರನ್ನೂ ತೆಗೆಯುವುದಿಲ್ಲ" ಎಂದು ಹೇಳಿ ಎಂಟು ತಿಂಗಳ ಮೇಲೆ ನಾಲ್ವರನ್ನು ಕಳಿಸಿದರೆ ಉಳಿದ 81 ಜನರ ಮನಸ್ಸೂ ಅವರ ಜೊತೆಗೇ ಹೋಗುತ್ತದೆ.

ಪ್ರಶ್ನೆ: ನವೆಂಬರ್ ಬಂದರೆ ನಮ್ಮ ಘಟಕದಲ್ಲಿ 60 ಜನರಲ್ಲಿ 15–18 ಜನ ಒಟ್ಟಿಗೇ ಮಾಯ. ಅಡಿಕೆ ಕೊಯ್ಲು, ಭತ್ತದ ಕೊಯ್ಲು, ಜಾತ್ರೆ. ಒಂದು ದಿನ ತಪ್ಪಿದರೂ ಹಾಜರಿ ಬೋನಸ್ ಪೂರ್ತಿ ಕಟ್ ಅಂತ ನಿಯಮ ಮಾಡಿದೆವು, ಇನ್ನೂ ಜಾಸ್ತಿಯಾಯಿತು. ಇವರಿಗೆ ಕಂಪನಿ ಮೇಲೆ ನಿಷ್ಠೆಯೇ ಇಲ್ಲವೆ?
— ಎಚ್‌ಆರ್ ಅಧಿಕಾರಿ, ಶಿವಮೊಗ್ಗ ತಾಲೂಕು

ಉತ್ತರ: ನಿಷ್ಠೆಯ ಮಾತು ಆಮೇಲೆ, ಮೊದಲು ನಿಮ್ಮ ನಿಯಮ ನೋಡೋಣ. ಒಂದು ದಿನ ತಪ್ಪಿದರೆ ಬೋನಸ್ ಪೂರ್ತಿ ಹೋಗುತ್ತದೆ. ಹಾಗಾದರೆ ಎರಡನೆಯ ದಿನ ಬರಲು ಏನು ಕಾರಣ ಉಳಿಯಿತು? ಹೇಗೂ ಹೋಯಿತಲ್ಲ ಎಂದು ವಾರ ಮುಗಿಸಿಯೇ ಬರುತ್ತಾರೆ. ಹಂತ ಮಾಡಿ: ಬೋನಸ್ ₹1,000 ಇದ್ದರೆ ಹೇಳದೆ ತಪ್ಪಿದ ಒಂದು ದಿನಕ್ಕೆ ₹700, ಎರಡು ದಿನಕ್ಕೆ ₹400 ಉಳಿಯಲಿ. ಮುಂಚೆ ಹೇಳಿ ತೆಗೆದುಕೊಂಡ ರಜೆಯನ್ನು ಗೈರುಹಾಜರಿ ಎಂದು ಎಣಿಸಲೇಬೇಡಿ.

ಒಂದೆರಡು ಎಕರೆ ತೋಟ ಇರುವವನಿಗೆ ವರ್ಷದ ದೊಡ್ಡ ಹಣ ಆ ಕೆಲವು ದಿನಗಳಲ್ಲಿದೆ. ಕೊನೆ (ಅಡಿಕೆಯ ಗೊಂಚಲು) ಇಳಿಸಿದ ಮೇಲೆ ಸುಲಿಯುವುದು, ಬೇಯಿಸುವುದು, ಒಣಗಿಸುವುದು ಮುಂದೂಡುವಂಥದ್ದಲ್ಲ. ಕೊನೆ ಕೊಯ್ಯುವವರು ಸಿಕ್ಕ ದಿನವೇ ಕೊಯ್ಲು. ಆದ್ದರಿಂದ ಸೆಪ್ಟೆಂಬರ್‌ನಲ್ಲೇ ಕ್ಯಾಲೆಂಡರ್ ಕೆಲಸ ಮಾಡಿ. ಪ್ರತಿಯೊಬ್ಬರೂ ಅಕ್ಟೋಬರ್‌ನಿಂದ ಫೆಬ್ರವರಿ ಒಳಗೆ ತಮಗೆ ಬೇಕಾದ ದಿನಗಳನ್ನೂ ಬದಲಿ ದಿನಗಳನ್ನೂ ಬರೆಯಲಿ. ಮದುವೆಯಾದ ಅಕ್ಕನ ಮನೆಯ ಕೊಯ್ಲೂ ಅದರಲ್ಲಿ ಬರಲಿ. ಬಾರದಿದ್ದರೆ ಸುಳ್ಳು ಜ್ವರ ಬರುತ್ತದೆ. ಒಂದು ವಿಭಾಗದಿಂದ ಒಂದು ದಿನಕ್ಕೆ ಇಷ್ಟೇ ಜನ ಎಂಬ ಮಿತಿಯನ್ನು ಅವರೇ ಕೂತು ಹೊಂದಿಸಿಕೊಳ್ಳಲಿ. ಮೇಲಿನಿಂದ ಹೊಂದಿಸಿಕೊಟ್ಟರೆ ಜಗಳ ನಿಮ್ಮ ಮೇಲೆ ಬರುತ್ತದೆ.

ಗಳಿಕೆ ರಜೆ ದುಡಿದ ಪ್ರತಿ 20 ದಿನಕ್ಕೆ ಒಂದು. ವರ್ಷಕ್ಕೆ 260 ದಿನ ದುಡಿದವನಿಗೆ 13 ದಿನ. ಇದನ್ನು ಜೂನ್–ಜುಲೈನಲ್ಲಿ ಚಿಲ್ಲರೆಯಾಗಿ ಖರ್ಚು ಮಾಡದೆ ಕೊಯ್ಲಿಗೆ ಉಳಿಸಿಕೊಳ್ಳುವಂತೆ ಹೇಳಿ, ಉಳಿದ ರಜೆ ಎಷ್ಟು ಎಂದು ಪ್ರತಿ ಸಂಬಳ ಚೀಟಿಯಲ್ಲೂ ಮುದ್ರಿಸಿ. ಕಾರ್ಖಾನೆ ಕಾಯ್ದೆಯಲ್ಲಿ ಈ ರಜೆಗೆ ವರ್ಷದಲ್ಲಿ 240 ದಿನ ಕೆಲಸ ಆಗಿರಬೇಕಿತ್ತು, ಕೆಲಸದ ಸುರಕ್ಷತೆ, ಆರೋಗ್ಯ, ಕೆಲಸದ ಪರಿಸ್ಥಿತಿಗಳ ಹೊಸ ಸಂಹಿತೆ ಅದನ್ನು 180ಕ್ಕೆ ಇಳಿಸಿದೆ. ನಿಮ್ಮ ಲೆಕ್ಕದ ಸಾಫ್ಟ್‌ವೇರ್ ಇನ್ನೂ 240ರಲ್ಲೇ ಇದೆಯೇ ನೋಡಿಕೊಳ್ಳಿ.

ಜಾತ್ರೆಗಳ ದಿನ ಮೊದಲೇ ಗೊತ್ತಿರುತ್ತದೆ. ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಪ್ರತಿ ವರ್ಷ, ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ. ಆ ವಾರಕ್ಕೆ ದೊಡ್ಡ ಆರ್ಡರಿನ ಗಡುವು ಒಪ್ಪಿಕೊಂಡು ಆಮೇಲೆ ಜನರನ್ನು ಬೈಯುವುದು ಯೋಜನಾ ವಿಭಾಗದ ತಪ್ಪು. ಇನ್ನೊಂದು ಮಾತು, ನೀವು ಕೇಳದಿದ್ದರೂ: ಮಳೆಗಾಲದಲ್ಲಿ ಘಾಟಿ ಕಡೆಯ ರಸ್ತೆಗೆ ಮರ ಬಿದ್ದು ಬಸ್ಸು ನಿಂತಾಗ ಅರ್ಧ ದಿನ ಕಟ್ ಮಾಡುವ ಅಭ್ಯಾಸ ಇದ್ದರೆ ನಿಲ್ಲಿಸಿ. ಮಳೆಯಲ್ಲಿ ನೆನೆದು ಎರಡು ಗಂಟೆ ತಡವಾಗಿ ಬಂದವನ ಸಂಬಳ ಕತ್ತರಿಸಿದ್ದನ್ನು ಅವನೂ ಮರೆಯುವುದಿಲ್ಲ, ಪಕ್ಕದವನೂ ಮರೆಯುವುದಿಲ್ಲ.

ಪ್ರಶ್ನೆ: ನಾನು ಒಂದೇ ಕಡೆ 34 ವರ್ಷ ದುಡಿದು ನಿವೃತ್ತನಾದೆ. ಮಗ ಆರು ವರ್ಷದಲ್ಲಿ ನಾಲ್ಕು ಕೆಲಸ ಬದಲಿಸಿದ್ದಾನೆ. ಈಗಿನವರಿಗೆ ಉಪ್ಪಿನ ಋಣ ಅನ್ನುವುದೇ ಇಲ್ಲವಲ್ಲ?
— ನಿವೃತ್ತ ನೌಕರರು, ಭದ್ರಾವತಿ

ಉತ್ತರ: ನಿಮ್ಮ ಊರಿನಲ್ಲೇ ಉತ್ತರ ಇದೆ, ಹಿರಿಯರೇ. 1923ರಲ್ಲಿ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಶುರು ಮಾಡಿತು, 1936ರಲ್ಲಿ ಕಾಗದದ ಕಾರ್ಖಾನೆ ಸ್ಥಾಪನೆಯಾಯಿತು. ಅವು ಕೊಟ್ಟದ್ದು ಸಂಬಳ ಒಂದನ್ನೇ ಅಲ್ಲ. ಕ್ವಾರ್ಟರ್ಸ್, ಆಸ್ಪತ್ರೆ, ಮಕ್ಕಳಿಗೆ ಶಾಲೆ, ಆಟದ ಮೈದಾನ ಎಲ್ಲ ಇತ್ತು. ಜನ ಅದಕ್ಕೆ ಪ್ರತಿಯಾಗಿ ಇಡೀ ಆಯುಷ್ಯ ಕೊಟ್ಟರು. ಎಲ್ಲೂ ಬರೆಯದ ಒಪ್ಪಂದ ಅದು. 2015ರಲ್ಲಿ ಕಾಗದದ ಕಾರ್ಖಾನೆಯ ಉತ್ಪಾದನೆ ನಿಂತಿತು. 2023ರ ಜನವರಿಯಲ್ಲಿ ಉಕ್ಕಿನ ಕಾರ್ಖಾನೆಯನ್ನೂ ಮುಚ್ಚುವ ತೀರ್ಮಾನ ಹೊರಬಿತ್ತು, ಗುತ್ತಿಗೆ ಕಾರ್ಮಿಕರು ತಿಂಗಳುಗಟ್ಟಲೆ ಧರಣಿ ಕೂತರು. ನಿಮ್ಮ ಮಗ ಬೆಳೆದದ್ದು ಇದನ್ನು ನೋಡುತ್ತ. ಋಣ ಎರಡೂ ಕಡೆ ಇರಬೇಕು, ಒಂದು ಕಡೆಯದು ಸಡಿಲವಾದದ್ದನ್ನು ಅವನ ಪೀಳಿಗೆ ಕಣ್ಣಾರೆ ಕಂಡಿದೆ. ಅವನನ್ನು ಋಣಗೇಡಿ ಎನ್ನಬೇಡಿ.

ಅವನಿಗೆ ಹೇಳಬೇಕಾದ ಬುದ್ಧಿಮಾತು ಬೇರೆ ಇದೆ. ಪ್ರತಿ ಸಲ ಕೆಲಸ ಬಿಟ್ಟಾಗ ಪಿಎಫ್ ಹಣ ತೆಗೆದು ಬೈಕಿಗೋ ಫೋನಿಗೋ ಹಾಕಿದರೆ ಪಿಂಚಣಿಯ ಸೇವಾವಧಿಯೂ ಮುರಿಯಬಹುದು. ಯುಎಎನ್ (ಪಿಎಫ್‌ನ ಸದಸ್ಯರ ಗುರುತಿನ ಸಂಖ್ಯೆ) ಒಂದೇ ಇರಲಿ, ಹಳೆಯ ಖಾತೆಯನ್ನು ಹೊಸದಕ್ಕೆ ವರ್ಗಾಯಿಸಲಿ. ನೌಕರರ ಪಿಂಚಣಿ ಯೋಜನೆಯಲ್ಲಿ ಪಿಂಚಣಿ ಸಿಗಲು 10 ವರ್ಷದ ಸೇವೆ ಬೇಕು, ನಾಲ್ಕು ಕಂಪನಿಯ ವರ್ಷ ಕೂಡಿಸಿಯೂ ಅದು ಆಗುತ್ತದೆ. ಬಿಡುಗಡೆ ಪತ್ರ, ಸೇವಾ ಪತ್ರ, ಕೊನೆಯ ಮೂರು ತಿಂಗಳ ಸಂಬಳ ಚೀಟಿ ಒಂದು ಫೈಲಿನಲ್ಲಿರಲಿ. ನಾಲ್ಕೂ ಕಡೆ ಪಿಎಫ್‌ನಲ್ಲಿ ಹೆಸರು, ಹುಟ್ಟಿದ ದಿನಾಂಕ ಒಂದೇ ಥರ ಇದೆಯೇ ನೋಡಿಸಿ. ಒಂದು ಕಡೆ ಅಪ್ಪನ ಹೆಸರಿನ ಮೊದಲಕ್ಷರ ಮುಂದೆ, ಇನ್ನೊಂದು ಕಡೆ ಹಿಂದೆ ಇದ್ದರೂ ವರ್ಗಾವಣೆ ಸಿಕ್ಕಿಹಾಕಿಕೊಳ್ಳುತ್ತದೆ.

ಪ್ರಶ್ನೆ: ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ, 4 ವರ್ಷ 8 ತಿಂಗಳಾಯಿತು. ಹೊಸ ಸೂಪರ್‌ವೈಸರ್ ಬಂದ ಮೇಲೆ ಗಂಟೆಯ ಟಾರ್ಗೆಟ್ ಏರಿಸಿದ್ದಾರೆ, ನೀರು ಕುಡಿಯಲು ಎದ್ದರೂ ಕೂಗಾಡುತ್ತಾರೆ. ಮುಂದಿನ ತಿಂಗಳು ಬಿಟ್ಟುಬಿಡೋಣ ಅಂತಿದ್ದೇನೆ. ಗ್ರಾಚ್ಯುಟಿ ಸಿಗುತ್ತದೆಯೇ?
— ಹೆಸರು ಬೇಡ

ಉತ್ತರ: ತಂಗಿ, ತಡೆಯಲು ಆಗುವಂತಿದ್ದರೆ ಇನ್ನು ನಾಲ್ಕು ತಿಂಗಳು ರಾಜೀನಾಮೆ ಬರೆಯಬೇಡಿ. ಗ್ರಾಚ್ಯುಟಿಗೆ (ಕೆಲಸ ಬಿಡುವಾಗ ಸೇವೆಗೆ ಪ್ರತಿಯಾಗಿ ಸಿಗುವ ಹಣ) ಸಾಮಾನ್ಯವಾಗಿ ಐದು ವರ್ಷದ ನಿರಂತರ ಸೇವೆ ಬೇಕು. ಲೆಕ್ಕ ಹೀಗೆ: ಕೊನೆಯ ತಿಂಗಳ ಮೂಲ ಸಂಬಳ ಮತ್ತು ತುಟ್ಟಿಭತ್ಯೆ ಕೂಡಿಸಿ, 26ರಿಂದ ಭಾಗಿಸಿ, 15ರಿಂದ ಗುಣಿಸಿ, ವರ್ಷದಿಂದ ಗುಣಿಸಿ. ಎರಡೂ ಸೇರಿ ₹13,000 ಇದ್ದರೆ ದಿನಕ್ಕೆ ₹500, ವರ್ಷಕ್ಕೆ ₹7,500, ಐದು ವರ್ಷಕ್ಕೆ ₹37,500. ಆರು ತಿಂಗಳಿಗಿಂತ ಹೆಚ್ಚಾದ ಭಾಗವನ್ನು ಪೂರ್ತಿ ವರ್ಷವೆಂದು ಹಿಡಿಯುತ್ತಾರೆ. ಹಾಗಾಗಿ 5 ವರ್ಷ 7 ತಿಂಗಳಿಗೆ ಬಿಟ್ಟರೆ ಆರು ವರ್ಷದ ₹45,000. ನಿಮ್ಮ ನೇಮಕ ಪತ್ರದಲ್ಲಿ "ನಿಗದಿತ ಅವಧಿ" ಎಂದು ಬರೆದಿದ್ದರೆ ಮಾತು ಬೇರೆ. ಅಂಥವರಿಗೆ ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಒಂದು ವರ್ಷ ಸಾಕು. ಬಿಟ್ಟ ಮೇಲೆ 30 ದಿನದೊಳಗೆ ಅರ್ಜಿ ಕೊಡಿ, ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ. ಕೊಡದಿದ್ದರೆ ಕಾರ್ಮಿಕ ಇಲಾಖೆಗೆ ದೂರು ಕೊಡಬಹುದು.

ಕೂಗಾಟದ ವಿಷಯ. ದಿನಾಂಕ, ಗಂಟೆ, ಆಡಿದ ಮಾತು, ಪಕ್ಕದಲ್ಲಿದ್ದವರು ಯಾರು ಎಂದು ಸಣ್ಣ ಪುಸ್ತಕದಲ್ಲಿ ಬರೆದಿಡಿ. ನಾಲ್ಕೈದು ಜನ ಸೇರಿ ಕುಂದುಕೊರತೆ ಸಮಿತಿಗೆ ಕೊಡಿ. 20 ಅಥವಾ ಹೆಚ್ಚು ಜನ ಇರುವ ಕಡೆ ಆ ಸಮಿತಿ ಇರಲೇಬೇಕು. ಮಾತು ಹೆಣ್ಣುತನದ ಮೇಲೆ ಹೋದರೆ ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಆಂತರಿಕ ಸಮಿತಿಗೆ ಮೂರು ತಿಂಗಳೊಳಗೆ ದೂರು ಕೊಡಬೇಕು. ಅದರ ಅಧ್ಯಕ್ಷರು ಮಹಿಳೆಯೇ ಆಗಿರಬೇಕು, ಹೊರಗಿನವರೊಬ್ಬರೂ ಇರಬೇಕು. ಇಷ್ಟಾಗಿಯೂ ಮೈಯಲ್ಲಿ ಆಗುತ್ತಿಲ್ಲ, ನಿದ್ದೆ ಬರುತ್ತಿಲ್ಲ ಎಂದಾದರೆ ₹37,500ಕ್ಕಾಗಿ ಆರೋಗ್ಯ ಕೆಡಿಸಿಕೊಳ್ಳಬೇಡಿ.

ಪ್ರಶ್ನೆ: ಬೆಂಗಳೂರಿನ ಕಂಪನಿಗೆ ಸಾಗರದ ಹಳ್ಳಿಯಿಂದ ಕೆಲಸ ಮಾಡುತ್ತೇನೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ಆಫ್‌ಲೈನ್ ಆದರೆ "ಬದ್ಧತೆ ಇಲ್ಲ, ಆಫೀಸಿಗೆ ಬಾ" ಅನ್ನುತ್ತಾರೆ.

ಉತ್ತರ: ಅವರ ಅನುಮಾನಕ್ಕೆ ಜಾಗ ಬಿಡಬೇಡಿ. ಲ್ಯಾಪ್‌ಟಾಪ್, ರೂಟರ್, ಒಂದು ದೀಪ ಸೇರಿ ಸುಮಾರು 100 ವ್ಯಾಟ್. 12 ವೋಲ್ಟಿನ 150 ಎಎಚ್ ಬ್ಯಾಟರಿಯಲ್ಲಿ 1,800 ವ್ಯಾಟ್-ಗಂಟೆ ಇರುತ್ತದೆ. ಬ್ಯಾಟರಿ ಬಾಳಬೇಕಾದರೆ ಅರ್ಧವನ್ನಷ್ಟೇ ಬಳಸಬೇಕು, ಇನ್ವರ್ಟರಿನ ನಷ್ಟ ಕಳೆದರೆ ಏಳು ಗಂಟೆಯ ಮೇಲೆ ಸಿಗುತ್ತದೆ. ಫ್ರಿಜ್, ಮಿಕ್ಸಿಯನ್ನು ಅದೇ ಲೈನಿಗೆ ಕೊಟ್ಟರೆ ಮಾತ್ರ ಮಧ್ಯಾಹ್ನಕ್ಕೇ ಮುಗಿಯುತ್ತದೆ. ಫೈಬರ್ ಜೊತೆ ಬೇರೆ ಕಂಪನಿಯ ಒಂದು ಸಿಮ್ ಇರಲಿ. ಆಮೇಲೆ ಮ್ಯಾನೇಜರ್ ಜೊತೆ ಮೂರು ಮಾತು ಇಮೇಲ್‌ನಲ್ಲಿ ಖಚಿತ ಮಾಡಿಕೊಳ್ಳಿ: ಖಂಡಿತ ಸಿಗುವ ನಾಲ್ಕು ಗಂಟೆ ಯಾವುದು, ವಾರದ ಕೊನೆಗೆ ಏನು ಮುಗಿದಿರಬೇಕು, ಸಂಪರ್ಕ ಕಡಿದರೆ ಎಷ್ಟು ಹೊತ್ತಿನಲ್ಲಿ ಯಾರಿಗೆ ಎಸ್‌ಎಂಎಸ್. ಆನ್‌ಲೈನ್ ಇದ್ದೀರೆಂದು ತೋರಿಸುವ ಹಸಿರು ಚುಕ್ಕೆ ನೋಡಿ ಅಳೆಯುವ ಮ್ಯಾನೇಜರ್‌ಗೆ ಬೇರೆ ಅಳತೆಗೋಲನ್ನು ನೀವೇ ಕೊಡಬೇಕಾಗುತ್ತದೆ.

ಪ್ರಶ್ನೆ: ನಮ್ಮ ಸಹಕಾರ ಸಂಘಕ್ಕೆ ಕಂಪ್ಯೂಟರ್ ಬಂದಿದೆ. 56 ವರ್ಷದ ಗುಮಾಸ್ತರು "ನನಗೆ ಇದೆಲ್ಲ ಬೇಡ, ಸ್ವಯಂ ನಿವೃತ್ತಿ ಕೊಡಿ" ಅನ್ನುತ್ತಿದ್ದಾರೆ. ಹೊಸ ಹುಡುಗಿ ಚುರುಕಾಗಿದ್ದಾಳೆ. ಕಳಿಸಿಬಿಡಬಹುದೇ?
— ಸಂಘದ ನಿರ್ದೇಶಕರು, ಹೊಸನಗರ ತಾಲೂಕು

ಉತ್ತರ: ಈಗ ಕಳಿಸಬೇಡಿ. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ₹2,516 ಕೋಟಿ, ದೇಶದ 63,000 ಸಂಘಗಳು. ಇಂಥ ಕೆಲಸದಲ್ಲಿ ಸಾಫ್ಟ್‌ವೇರಿಗಿಂತ ಹೆಚ್ಚು ತೊಂದರೆ ಕೊಡುವುದು ಆರಂಭದ ಶಿಲ್ಕು (ಹಳೆಯ ಲೆಕ್ಕದಿಂದ ತರುವ ಬಾಕಿ). ಹಳೆಯ ಲೆಡ್ಜರಿನಿಂದ ಸದಸ್ಯರ ಬಾಕಿ ಎತ್ತಿ ಹಾಕುವಾಗ ಒಂದೇ ಊರಿನಲ್ಲಿ ಮೂವರು ಮಂಜಪ್ಪ ಇರುತ್ತಾರೆ, ಇಬ್ಬರ ಅಪ್ಪಂದಿರ ಹೆಸರೂ ಒಂದೇ. ಯಾವ ಮಂಜಪ್ಪ ಕಟ್ಟಿದ್ದಾನೆ, ಯಾವ ಮಂಜಪ್ಪ ಉಳಿಸಿಕೊಂಡಿದ್ದಾನೆ ಎಂಬುದು ಕಂಪ್ಯೂಟರಿಗೂ ಹೊಸ ಹುಡುಗಿಗೂ ಗೊತ್ತಿಲ್ಲ, ಆ ಗುಮಾಸ್ತರಿಗೆ ಗೊತ್ತು. ಸಾಲದ ಗಡುವಿನ ದಿನಾಂಕ ತಪ್ಪಾಗಿ ಬಿದ್ದರೆ ಸದಸ್ಯನ ಬಡ್ಡಿ ರಿಯಾಯಿತಿಯೇ ತಪ್ಪಿಹೋಗಬಹುದು.

ಹುಡುಗಿ ಟೈಪ್ ಮಾಡಲಿ, ಅವರು ಪರಿಶೀಲಿಸಿ ಸಹಿ ಹಾಕಲಿ. ಆ ಅಧಿಕಾರವನ್ನು ಆಡಳಿತ ಮಂಡಳಿಯ ಠರಾವಿನಲ್ಲೇ ಬರೆಯಿರಿ. ಮಾರ್ಚ್ 31ರ ಶಿಲ್ಕಿನ ಪಟ್ಟಿ ಮುದ್ರಿಸಿ, ಊರೂರಿನ ಸದಸ್ಯರಿಗೆ ಪಾಸ್‌ಪುಸ್ತಕದ ಜೊತೆ ತಾಳೆ ನೋಡಿಸಿ. ಕನಿಷ್ಠ ಮೂರು ತಿಂಗಳು ದಿನವಹಿ ಪುಸ್ತಕವೂ ಕಂಪ್ಯೂಟರೂ ಎರಡೂ ನಡೆಯಲಿ, ಸಂಜೆಯ ನಗದು ಎರಡರಲ್ಲೂ ಪೈಸೆಗೆ ಪೈಸೆ ಕೂಡಿದ ಮೇಲೆಯೇ ಬೀಗ. ಒಂದೇ ಪಾಸ್‌ವರ್ಡನ್ನು ಇಬ್ಬರೂ ಬಳಸಬಾರದು. ನಾಳೆ ಲೆಕ್ಕದಲ್ಲಿ ತಪ್ಪು ಬಂದರೆ ಇಬ್ಬರ ಸಂಬಂಧವೂ ಕೆಡುತ್ತದೆ. ಅವರಿಗೆ ಕಲಿಸುವಾಗ ಕೌಂಟರಿನಲ್ಲಿ ಜನ ಇರುವಾಗ ಕಲಿಸಬೇಡಿ. ಸದಸ್ಯರ ಎದುರು ಮೌಸ್ ಹಿಡಿಯಲು ತಡಬಡಾಯಿಸುವ ಅವಮಾನಕ್ಕೆ ಹೆದರಿಯೇ ಹಲವರು ನಿವೃತ್ತಿ ಕೇಳುತ್ತಾರೆ. ಸಂಜೆ ಬಾಗಿಲು ಹಾಕಿದ ಮೇಲೆ ಮುಕ್ಕಾಲು ಗಂಟೆ, ದಿನಕ್ಕೆ ಒಂದೇ ಕೆಲಸ: ಇವತ್ತು ರಶೀದಿ, ನಾಳೆ ಸಾಲದ ಖಾತೆ ತೆರೆದು ನೋಡುವುದು. ಮೂರು ತಿಂಗಳಾದ ಮೇಲೂ ಬೇಡ ಎಂದರೆ ಆಗ ಗೌರವದಿಂದ ಕಳಿಸಿ.

ಪ್ರಶ್ನೆ: ನೌಕರರ ಬದ್ಧತೆಯನ್ನು ಸಣ್ಣ ಸಂಸ್ಥೆಯಲ್ಲಿ ಅಳೆಯುವುದು ಹೇಗೆ?
— ಎಂಬಿಎ ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: 1979ರಲ್ಲಿ ಮೌಡೇ, ಸ್ಟಿಯರ್ಸ್, ಪೋರ್ಟರ್ ಎಂಬ ಮೂವರು ಪ್ರಕಟಿಸಿದ 15 ಪ್ರಶ್ನೆಗಳ ಮಾಪನ ಇದೆ, ಉತ್ತರ ಏಳು ಹಂತದಲ್ಲಿ. ಪ್ರಾಜೆಕ್ಟಿಗೆ ಅದು ಸರಿ. ಆದರೆ ಇಂಗ್ಲಿಷಿನಿಂದ ಪದಕ್ಕೆ ಪದ ಇಳಿಸಿದರೆ ಕೆಲಸಗಾರರು ಎಲ್ಲದಕ್ಕೂ ನಡುವಿನ ಅಂಕಿಗೇ ಗುರುತು ಹಾಕುತ್ತಾರೆ. ಐದಾರು ಜನರ ಹತ್ತಿರ ಓದಿಸಿ, ಅವರಿಗೆ ಏನು ಅರ್ಥವಾಯಿತು ಎಂದು ಕೇಳಿ, ತಿದ್ದಿ ಬಳಸಿ. ಐದು ಜನರಿಗಿಂತ ಕಡಿಮೆ ಇರುವ ವಿಭಾಗದಲ್ಲಿ ವಿಭಾಗದ ಹೆಸರು ಕೇಳಬೇಡಿ, ಯಾರು ಬರೆದರೆಂದು ತಿಳಿದುಹೋಗುತ್ತದೆ.

ಇದಕ್ಕಿಂತ ಮುಂಚೆ ಹಾಜರಿ ಪುಸ್ತಕ ನೋಡಿ. ವರ್ಷದ ಸರಾಸರಿ 120 ಜನ, ಬಿಟ್ಟವರು 30 ಎಂದರೆ 25%. ಇಷ್ಟಕ್ಕೇ ನಿಲ್ಲಿಸಬೇಡಿ. ಆ 30ರಲ್ಲಿ 18 ಜನ ಸೇರಿದ 90 ದಿನದೊಳಗೇ ಹೋಗಿದ್ದರೆ ತಪ್ಪು ಇರುವುದು ನೇಮಕದಲ್ಲಿ, ಮೊದಲ ವಾರದಲ್ಲಿ. ಹೇಳಿದ ಸಂಬಳ ಒಂದು ಕೈಗೆ ಬಂದದ್ದು ಇನ್ನೊಂದು, ಅಥವಾ ಮೊದಲ ದಿನ ಊಟ ಎಲ್ಲಿ ಎಂದು ತೋರಿಸುವವರೂ ಇರಲಿಲ್ಲ. ನಾಲ್ಕೈದು ವರ್ಷ ಇದ್ದವರೇ ಹೆಚ್ಚು ಹೋಗಿದ್ದರೆ ಮೇಲೇರುವ ದಾರಿ ಮುಚ್ಚಿದೆ. ಒಬ್ಬನೇ ಸೂಪರ್‌ವೈಸರ್ ಕೈಕೆಳಗಿನವರೇ ಹೋಗುತ್ತಿದ್ದರೆ ಸಮೀಕ್ಷೆಯ ಅಗತ್ಯವೇ ಇಲ್ಲ.

ಪ್ರಶ್ನೆ: ಎಂಟು ಎಕರೆ ತೋಟ. ಕೊನೆ ಕೊಯ್ಯುವವರಿಗೂ ಸುಲಿಯುವವರಿಗೂ ಮುಂಗಡ ಕೊಟ್ಟಿದ್ದೆ. ಅರ್ಧ ಸೀಸನ್ನಿಗೆ ಬೇರೆಯವರು ಜಾಸ್ತಿ ಕೊಡುತ್ತಾರೆಂದು ಹೋದರು. ಮುಂಗಡ ಇನ್ನೂ ಹೆಚ್ಚು ಕೊಟ್ಟು ಬಿಗಿಮಾಡಲೇ?
— ಅಡಿಕೆ ಬೆಳೆಗಾರರು, ತೀರ್ಥಹಳ್ಳಿ ತಾಲೂಕು

ಉತ್ತರ: ಬೇಡ. ಮುಂಗಡ ಕೊಟ್ಟು "ತೀರಿಸುವವರೆಗೆ ಬೇರೆ ಕಡೆ ಹೋಗಬಾರದು" ಎಂದು ಹಿಡಿಯುವುದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಡಿ ಅಪರಾಧವಾಗುತ್ತದೆ. ಅದಿರಲಿ, ಮುಂಗಡ ಕಟ್ಟುವುದು ಮೊದಲ ಉತ್ತರದಲ್ಲಿ ಹೇಳಿದ ಬರೀ ಲೆಕ್ಕದ ನಂಟು. ಪಕ್ಕದ ತೋಟದವರು ಆ ಮುಂಗಡ ತೀರಿಸಿದ ಕ್ಷಣ ಅದು ಬಿಚ್ಚಿಕೊಳ್ಳುತ್ತದೆ.

ಸುಲಿಯುವವರು ಏಕೆ ಹೋದರು ಎಂದು ನೋಡಲು ನಿಮ್ಮ ಅಂಗಳದಲ್ಲಿ ಅಳೆಯುವ ಡಬ್ಬ ನೋಡಿ. ಡಬ್ಬ ಸಮ ಮಟ್ಟವೋ ಗೋಪುರವೋ? ಅಲುಗಾಡಿಸಿ ತುಂಬಿಸುತ್ತೀರೋ? ರಾತ್ರಿ ಹನ್ನೊಂದರವರೆಗೆ ಮೆಟ್ಟುಗತ್ತಿಯ (ಅಡಿಕೆ ಸುಲಿಯುವ ಕತ್ತಿ) ಮೇಲೆ ಕೂತು ಸುಲಿದವಳಿಗೆ ಪ್ರತಿ ಡಬ್ಬದಲ್ಲೂ ಒಂದು ಮುಷ್ಟಿ ಹೆಚ್ಚು ಹೋಗುವುದು ಕಾಣುತ್ತದೆ. ದರ ಹತ್ತು ರೂಪಾಯಿ ಏರಿಸುವುದಕ್ಕಿಂತ ಡಬ್ಬದ ಬಾಯಿಗೆ ಒಂದು ಪಟ್ಟಿ ಎಳೆದು ಮಟ್ಟ ಮಾಡಿ ಅಳೆಯಿರಿ, ಇಲ್ಲವೇ ತೂಕಕ್ಕೆ ಬನ್ನಿ. ಸುಲಿದವರ ಎದುರೇ ಬರೆಯಿರಿ, ಪ್ರತಿಯೊಬ್ಬರಿಗೂ ಒಂದು ಚೀಟಿ ಪುಸ್ತಕ ಕೊಡಿ. ಹಣ ವಾರಕ್ಕೊಮ್ಮೆ, ಸಂತೆಯ ಹಿಂದಿನ ದಿನ. ಅಡಿಕೆ ಮಾರಿದ ಮೇಲೆ ಕೊಡುತ್ತೇನೆ ಎಂದರೆ ಮಾರುಕಟ್ಟೆಯ ಅಪಾಯವನ್ನು ಅವರ ತಲೆಗೆ ಹೊರಿಸಿದಂತೆ. ದೀಪ ಚೆನ್ನಾಗಿರಲಿ, ಕೈ ಕುಯ್ದುಕೊಳ್ಳುವುದು ಹೆಚ್ಚಾಗಿ ಮಬ್ಬು ಬೆಳಕಿನಲ್ಲಿ. ಮುಂದಿನ ವರ್ಷ ಸುಲಿಯುವ ಯಂತ್ರ ತರುವ ಯೋಚನೆ ಇದ್ದರೆ ಈ ಸೀಸನ್ ಮುಗಿಯುವ ಮುಂಚೆಯೇ ಹೇಳಿ. ಯಂತ್ರದಲ್ಲಿ ಅರ್ಧ ಸುಲಿದು ಬಂದದ್ದನ್ನು ಸುಲಿಯಲು, ಆರಿಸಲು, ಬೇಯಿಸಲು ಎಷ್ಟು ಜನ ಬೇಕು, ಅವರಲ್ಲಿ ಯಾರು ಎಂಬುದನ್ನೂ ಹೇಳಿ.

ಕೊನೆ ಕೊಯ್ಯುವವರ ಮಾತು ಇನ್ನೂ ಗಂಭೀರ. ಜಾರುವ ಮರ, ಒಂದು ಮರದಿಂದ ಇನ್ನೊಂದಕ್ಕೆ ದಾಟುವ ಕೆಲಸ. ಬಿದ್ದರೆ ಮನೆಯೇ ಬೀಳುತ್ತದೆ. ಪ್ರಧಾನಮಂತ್ರಿ ಸುರಕ್ಷಾ ಬಿಮಾಕ್ಕೆ ವರ್ಷಕ್ಕೆ ₹20, ಅಪಘಾತದಲ್ಲಿ ಸಾವಾದರೆ ₹2 ಲಕ್ಷ, 18ರಿಂದ 70 ವರ್ಷದವರಿಗೆ. ಹಣ ಅವರ ಬ್ಯಾಂಕ್ ಖಾತೆಯಿಂದಲೇ ಕಡಿತವಾಗುತ್ತದೆ. ಮೇ ಕೊನೆಗೆ ಖಾತೆಯಲ್ಲಿ ₹20 ಇಲ್ಲದೆ ವಿಮೆ ತಪ್ಪಿಹೋಗುವುದು ಸಾಮಾನ್ಯ, ಆದ್ದರಿಂದ ಆ ವಾರ ನೀವೇ ನೆನಪಿಸಿ, ಹಾಕಿಕೊಡಿ. ಅಸಂಘಟಿತ ಕೆಲಸಗಾರರ ಇ-ಶ್ರಮ್ ನೋಂದಣಿಯನ್ನೂ ಮಾಡಿಸಿ, 16ರಿಂದ 59 ವರ್ಷದವರಿಗೆ ಉಚಿತ. ₹2 ಲಕ್ಷ ಸಾಲದು, ಇದರ ಮೇಲೆ ಒಂದು ಗುಂಪು ಅಪಘಾತ ವಿಮೆಯನ್ನು ಅಕ್ಕಪಕ್ಕದ ನಾಲ್ಕು ತೋಟದವರು ಸೇರಿ ಮಾಡಿಸಬಹುದು.

ಇನ್ನು ಅವರನ್ನು ಕೊಯ್ಲಿಗೆ ಮಾತ್ರ ಕರೆಯುವುದನ್ನು ಬಿಡಿ. ಮುಂಗಾರಿಗೆ ಸ್ವಲ್ಪ ಮುಂಚೆ ಬೋರ್ಡೋ ದ್ರಾವಣದ (ಕೊಳೆರೋಗ ತಡೆಯುವ ಔಷಧಿ) ಮೊದಲ ಸಿಂಪಡಣೆ, 40–45 ದಿನ ಬಿಟ್ಟು ಎರಡನೆಯದು, ಅಕ್ಟೋಬರ್‌ನಿಂದ ಮೂರು ನಾಲ್ಕು ಕೊಯ್ಲು. ಎಲ್ಲಕ್ಕೂ ಮರ ಹತ್ತುವವರೇ ಬೇಕು. ಈ ದಿನಗಳನ್ನು ನಾಲ್ಕು ತೋಟದವರು ಕೂತು ಮೇ ತಿಂಗಳಲ್ಲೇ ಹೊಂದಿಸಿ, ಅದೇ ಐದಾರು ಜನರಿಗೆ ಸರದಿ ಕೊಡಿ. ನೆಲದಲ್ಲೇ ನಿಂತು ದೋಟಿಯಲ್ಲಿ (ಉದ್ದನೆಯ ಕೋಲು) ಕೊಯ್ಯುವುದು, ದೋಟಿಯಲ್ಲೇ ಸಿಂಪಡಿಸುವುದನ್ನು ಕಲಿಯುವವರಿಗೆ ಕಲಿಯುವ ದಿನದ ಕೂಲಿಯನ್ನೂ ಕೊಡಿ. ಮೊದಲ ವಾರ ಕುತ್ತಿಗೆ, ಹೆಗಲು ನೋಯುತ್ತದೆ, ಮರ ಹತ್ತುವವರಿಗಿಂತ ನಿಧಾನ ಆಗುತ್ತದೆ. ಆ ವಾರ ಇಳಿಸಿದ ಕೊನೆಗಳ ಲೆಕ್ಕದಲ್ಲಿ ಕೂಲಿ ಕೊಟ್ಟರೆ ದೋಟಿಯನ್ನು ಕೊಟ್ಟಿಗೆಯ ಅಟ್ಟಕ್ಕೆ ಎತ್ತಿಟ್ಟುಬಿಡುತ್ತಾರೆ. ದಿನದ ಲೆಕ್ಕದಲ್ಲಿ ಕೊಡಿ.